ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು? ಬಾಲನಟಿ ಪ್ಯಾಟಿ ಡ್ಯೂಕ್ ಅವರ ವೃತ್ತಿಬದುಕು

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಿರುತೆರೆಯ ಮಕ್ಕಳ ವಿಷಯ ಬಂದ ಕೂಡಲೇ ಮಾತು ಒಂದೋ ‘ಎಷ್ಟು ಮುದ್ದಾಗಿದೆ ಮಗು’ ಎನ್ನುವ ಕಡೆಗೆ ಹೋಗುತ್ತದೆ, ಇಲ್ಲವೇ ‘ಪಾಪ, ಬಾಲ್ಯವೇ ಹೋಯಿತಲ್ಲ’ ಎನ್ನುವ ಕಡೆಗೆ. ಎರಡೂ ಖರ್ಚಿಲ್ಲದ ಮಾತು. ಇವತ್ತು ಒಬ್ಬ ನಟಿಯ ವೃತ್ತಿಯನ್ನು ಕಾಲ್‌ಶೀಟು, ಕ್ಯಾಮೆರಾ, ಕರಾರು ಪತ್ರ, ಬ್ಯಾಂಕ್ ಖಾತೆಗಳ ಕಡೆಯಿಂದ ನೋಡೋಣ.

ನಟಿ ಅಮೆರಿಕದ ಪ್ಯಾಟಿ ಡ್ಯೂಕ್. 1963ರ ಸೆಪ್ಟೆಂಬರ್ 18ರಂದು ಎಬಿಸಿ ವಾಹಿನಿಯಲ್ಲಿ ಇವರದೇ ಹೆಸರಿನ ಹಾಸ್ಯ ಧಾರಾವಾಹಿ ‘ದಿ ಪ್ಯಾಟಿ ಡ್ಯೂಕ್ ಶೋ’ ಶುರುವಾಯಿತು. ಆಗ ಇವರಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಪ್ಯಾಟಿ ಲೇನ್, ಕ್ಯಾಥಿ ಲೇನ್ ಎಂಬ ತದ್ರೂಪಿ ದಾಯಾದಿ ಹುಡುಗಿಯರಿಬ್ಬರನ್ನೂ ಇವರೇ ಆಡಿದರು. ಅಪ್ಪಂದಿರು ಅವಳಿ ಸೋದರರು, ಆದ್ದರಿಂದ ಮಕ್ಕಳೂ ಒಂದೇ ಅಚ್ಚು ಎನ್ನುವುದು ಕಥೆಯ ನೆಪ. ಜೀವಶಾಸ್ತ್ರದ ಮೇಷ್ಟ್ರು ಒಪ್ಪುವ ನೆಪವಲ್ಲ, ಆದರೆ ಮೂರು ವರ್ಷ 104 ಕಂತು ನಡೆಯಿತು.

ಈ ಧಾರಾವಾಹಿಯ ಬಗ್ಗೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಆ ಹೊತ್ತಿಗೆ ಅಮೆರಿಕದ ಕಿರುತೆರೆ ಬಹುಪಾಲು ಹಾಲಿವುಡ್‌ಗೆ ಗುಳೆ ಹೋಗಿತ್ತು. ಸ್ಟುಡಿಯೊ, ಲ್ಯಾಬು, ತಂತ್ರಜ್ಞರು ಎಲ್ಲ ಅಲ್ಲೇ. ಇದನ್ನು ಮಾತ್ರ ಮೊದಲ ಎರಡು ವರ್ಷ ನ್ಯೂಯಾರ್ಕ್‌ನಲ್ಲಿ ತೆಗೆದರು. ಕಥೆ ನಡೆಯುವುದು ನ್ಯೂಯಾರ್ಕ್‌ನದೇ ಬಡಾವಣೆಯಾದ ಬ್ರೂಕ್ಲಿನ್ ಹೈಟ್ಸ್‌ನಲ್ಲಿ ನಿಜ, ಆದರೆ ಕಥೆಯಲ್ಲಿ ಬರುವುದು ಹೆಚ್ಚಾಗಿ ಒಂದು ಮನೆಯ ಒಳಾಂಗಣ. ಅದನ್ನು ಎಲ್ಲಿ ಬೇಕಾದರೂ ಕಟ್ಟಬಹುದಿತ್ತು. ಕಾರಣ ಇದ್ದದ್ದು ಕಾನೂನಿನಲ್ಲಿ. ಹದಿನೆಂಟು ತುಂಬದವರು ದಿನಕ್ಕೆ ಎಷ್ಟು ಗಂಟೆ ಸೆಟ್ಟಿನಲ್ಲಿರಬಹುದು ಎನ್ನುವುದರಲ್ಲಿ ಕ್ಯಾಲಿಫೋರ್ನಿಯಾ ಬಿಗಿ, ನ್ಯೂಯಾರ್ಕ್ ಸಡಿಲ. ಎರಡೂ ಪಾತ್ರ ಒಬ್ಬಳದೇ ಆದಾಗ ಅವಳ ಒಂದೊಂದು ಗಂಟೆಗೂ ಬೆಲೆ. 1964ರ ಡಿಸೆಂಬರ್‌ನಲ್ಲಿ ಆಕೆಗೆ ಹದಿನೆಂಟು ತುಂಬಿತು. ಮೂರನೆಯ ಸೀಸನ್ನಿಗೆ ಇಡೀ ಧಾರಾವಾಹಿ ಕ್ಯಾಲಿಫೋರ್ನಿಯಾಕ್ಕೆ ಹೋಯಿತು.

ಅಲ್ಲಿಗೆ ಬರುವ ಮುಂಚಿನದನ್ನು ಸ್ವಲ್ಪ ನೋಡೋಣ. ಹುಟ್ಟಿದ್ದು 1946ರ ಡಿಸೆಂಬರ್ 14, ನ್ಯೂಯಾರ್ಕ್ ನಗರದಲ್ಲಿ; ಬೆಳೆದದ್ದು ಅಲ್ಲಿನ ಕ್ವೀನ್ಸ್ ಭಾಗದಲ್ಲಿ. ಹೆಸರು ಆನಾ ಮರೀ. ತಂದೆ ಕುಡುಕ, ತಾಯಿ ಖಿನ್ನತೆಯಿಂದ ಬಳಲುತ್ತಿದ್ದವರು, ಮನೆಯಲ್ಲಿ ಕಾಸಿಲ್ಲ. ಅಣ್ಣ ರೇಮಂಡ್ ಮೊದಲೇ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ. ಅವನ ಮ್ಯಾನೇಜರುಗಳಾದ ಜಾನ್ ಮತ್ತು ಎಥೆಲ್ ರಾಸ್ ದಂಪತಿ ತಂಗಿಯನ್ನೂ ತೆಗೆದುಕೊಂಡರು. ಆಗ ಆಕೆಗೆ ಏಳೆಂಟು ವರ್ಷ. ಮುಂದೆ ಅವರ ಮನೆಯಲ್ಲೇ ಇರಿಸಿಕೊಂಡರು.

ರಾಸ್ ದಂಪತಿ ಮಾಡಿದ ಮೊದಲ ಕೆಲಸ ಹೆಸರು ಬದಲಿಸಿದ್ದು. ಆಗ ಪ್ಯಾಟಿ ಮೆಕಾರ್ಮಕ್ ಎಂಬ ಬಾಲನಟಿ ಹೆಸರು ಮಾಡಿದ್ದಳು. ಅವಳ ಅದೃಷ್ಟ ಇವಳಿಗೂ ಹತ್ತಲಿ ಎಂದು ‘ಪ್ಯಾಟಿ’. ಎರಡನೆಯದಾಗಿ ವಯಸ್ಸನ್ನು ಎರಡು ವರ್ಷ ಕಡಿಮೆ ಮಾಡಿದರು. ಇದರ ಹಿಂದಿನ ಲೆಕ್ಕ ಇವತ್ತಿಗೂ ಬದಲಾಗಿಲ್ಲ, ನಮ್ಮ ಆಡಿಷನ್‌ಗಳಲ್ಲೂ ನಡೆಯುತ್ತದೆ: ಎಂಟರಂತೆ ಕಾಣುವ ಹತ್ತು ವರ್ಷದ ಮಗು ಓದಬಲ್ಲದು, ಸಾಲು ಬಾಯಿಪಾಠ ಮಾಡಬಲ್ಲದು, ನಿರ್ದೇಶಕರು ಹೇಳಿದಲ್ಲಿ ನಿಲ್ಲಬಲ್ಲದು. ನಿಜವಾದ ಎಂಟರ ಮಗುವಿಗೆ ಅಷ್ಟು ಸೈರಣೆ ಇರುವುದಿಲ್ಲ. ಮೂರನೆಯದಾಗಿ, ಮಾಡದ ಪಾತ್ರಗಳನ್ನೂ ಆಕೆಯ ಅನುಭವದ ಪಟ್ಟಿಗೆ ಸೇರಿಸಿದರು. ಕ್ವೀನ್ಸ್ ಕಡೆಯ ಉಚ್ಚಾರಣೆಯನ್ನು ತಿದ್ದಿ ತೀಡಿದರು. ಒಳ್ಳೆಯ ತರಬೇತಿ ಮತ್ತು ಹಸಿ ಸುಳ್ಳು ಎರಡೂ ಒಂದೇ ಪೊಟ್ಟಣದಲ್ಲಿ ಬಂದವು. ಮುಂದಿನ ಹತ್ತು ವರ್ಷ ಅದನ್ನು ಬೇರ್ಪಡಿಸುವುದು ಯಾರಿಂದಲೂ ಆಗಲಿಲ್ಲ.

1950ರ ದಶಕದ ನ್ಯೂಯಾರ್ಕ್ ಕಿರುತೆರೆ ಹೆಚ್ಚಾಗಿ ನೇರಪ್ರಸಾರ. ಜಾಹೀರಾತು, ನೇರಪ್ರಸಾರದ ನಾಟಕ, ‘ದಿ ಬ್ರೈಟರ್ ಡೇ’ ಎಂಬ ಹಗಲು ಧಾರಾವಾಹಿ, ಹೀಗೆ ಸಿಕ್ಕಿದ್ದನ್ನೆಲ್ಲ ಆಕೆ ಮಾಡಿದರು. ನೇರಪ್ರಸಾರದಲ್ಲಿ ರೀಟೇಕ್ ಇಲ್ಲ. ಮಗು ಸಾಲು ಮರೆತರೆ ಎದುರಿನ ದೊಡ್ಡ ನಟ ಪ್ರಶ್ನೆಯ ರೂಪದಲ್ಲಿ ಅದನ್ನು ಎತ್ತಿಕೊಡಬೇಕು. ಮಗು ನೆಲದ ಗುರುತು ತಪ್ಪಿದರೆ ಕ್ಯಾಮೆರಾದವನು ಅದರ ಹಿಂದೆ ಹೋಗಬೇಕು. ಇಂಥ ಕಡೆ ಪಳಗಿದ ಮಕ್ಕಳಿಗೆ ಬೆಲೆ ಜಾಸ್ತಿ. ಇದೇ ಅವಧಿಯಲ್ಲಿ ದೊಡ್ಡ ಮೊತ್ತದ ಒಂದು ರಸಪ್ರಶ್ನೆ ಕಾರ್ಯಕ್ರಮಕ್ಕೂ ಆಕೆಯನ್ನು ಕಳಿಸಿದರು. ಆ ಕಾಲದ ರಸಪ್ರಶ್ನೆಗಳಲ್ಲಿ ಉತ್ತರಗಳನ್ನು ಮೊದಲೇ ಹೇಳಿಕೊಡುತ್ತಿದ್ದ ಹಗರಣ ಬಯಲಾದಾಗ, ತನಗೂ ಹೇಳಿಕೊಟ್ಟಿದ್ದರು ಎಂದು ಈ ಹುಡುಗಿ ಅಮೆರಿಕದ ಸಂಸತ್ತಿನ ತನಿಖಾಧಿಕಾರಿಗಳ ಮುಂದೆ ಒಪ್ಪಿಕೊಳ್ಳಬೇಕಾಯಿತು. ಹೇಳಿಕೊಟ್ಟವರು ದೊಡ್ಡವರು, ಅಳುತ್ತಾ ಸಾಕ್ಷಿ ಹೇಳಿದ್ದು ಮಗು.

ಆಕೆಯನ್ನು ನಿಜಕ್ಕೂ ಮೇಲೆತ್ತಿದ್ದು ನ್ಯೂಯಾರ್ಕ್‌ನ ವೃತ್ತಿರಂಗಭೂಮಿ ಬ್ರಾಡ್‌ವೇ. ವಿಲಿಯಂ ಗಿಬ್ಸನ್ ಅವರ ‘ದಿ ಮಿರಾಕಲ್ ವರ್ಕರ್’ ನಾಟಕ 1959ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಕಣ್ಣು ಕಾಣದ, ಕಿವಿ ಕೇಳದ ಬಾಲಕಿ ಹೆಲೆನ್ ಕೆಲರ್ ಪಾತ್ರ ಪ್ಯಾಟಿಗೆ, ಗುರು ಆ್ಯನಿ ಸಲಿವನ್ ಪಾತ್ರ ಆ್ಯನ್ ಬ್ಯಾಂಕ್ರಾಫ್ಟ್‌ಗೆ. ನಿರ್ದೇಶನ ಆರ್ಥರ್ ಪೆನ್. ಆಡಿಷನ್‌ಗೆ ಬಹಳ ಮೊದಲೇ ರಾಸ್ ದಂಪತಿ ತಯಾರಿ ಶುರು ಮಾಡಿದ್ದರು. ಮನೆಯಲ್ಲೇ ಕಣ್ಣು ಮುಚ್ಚಿ ಓಡಾಡಿಸುವುದು, ಹಿಂದಿನಿಂದ ಇದ್ದಕ್ಕಿದ್ದಂತೆ ಸದ್ದು ಮಾಡುವುದು, ಹೆಸರು ಹಿಡಿದು ಕರೆಯುವುದು, ಹುಡುಗಿ ಅಲುಗಬಾರದು.

ಈ ಪಾತ್ರದ ಕಷ್ಟ ಎಲ್ಲಿದೆ ಎಂದರೆ, ಬೆಚ್ಚುವುದು ದೇಹದ ಅನೈಚ್ಛಿಕ ಕ್ರಿಯೆ. ‘ಬೆಚ್ಚಬಾರದು’ ಎಂದು ಬಿಗಿಹಿಡಿದರೆ ಭುಜ ಗಟ್ಟಿಯಾಗುತ್ತದೆ, ಪ್ರೇಕ್ಷಕರಿಗೆ ಆ ಬಿಗಿಯೇ ಕಾಣುತ್ತದೆ. ಮಕ್ಕಳಿಗೆ ನಟನೆ ಕಲಿಸುವವರು ಗಮನವನ್ನು ಬೇರೆ ಕಡೆ ನೆಡಲು ಹೇಳುತ್ತಾರೆ: ಬೆರಳ ತುದಿಗೆ, ವಾಸನೆಗೆ, ಪಾದದಡಿಯ ಹಲಗೆಯ ನಡುಕಕ್ಕೆ. ಕಣ್ಣಿನ ವಿಷಯವೂ ಹೀಗೆಯೇ. ಕುರುಡು ಪಾತ್ರ ಮಾಡುವ ಮಕ್ಕಳು ಸಾಮಾನ್ಯವಾಗಿ ಕಣ್ಣನ್ನು ಒಂದೇ ಬಿಂದುವಿನಲ್ಲಿ ಅಂಟಿಸಿಬಿಡುತ್ತಾರೆ, ಅದು ಬೊಂಬೆಯ ನೋಟವಾಗುತ್ತದೆ. ನೋಟ ಸಡಿಲವಾಗಿದ್ದು ತಲೆ ಮಾತ್ರ ಕೈಯ ಕೆಲಸವನ್ನು ಹಿಂಬಾಲಿಸಬೇಕು. ಹನ್ನೆರಡರ ಹುಡುಗಿ ಇದನ್ನು ಸಾಧಿಸಿದಳು. ಒಟ್ಟು 719 ಪ್ರದರ್ಶನ ನಡೆದ ನಾಟಕವದು. ನಡುವೆಯೇ ಈ ಹುಡುಗಿಯ ಹೆಸರನ್ನು ಫಲಕದಲ್ಲಿ ನಾಟಕದ ಹೆಸರಿಗಿಂತ ಮೇಲಕ್ಕೇರಿಸಿದರು.

ನಾಟಕದ ಊಟದ ಕೋಣೆಯ ಜಟಾಪಟಿ ಪ್ರಸಿದ್ಧ. ಗುರು ಶಿಷ್ಯೆಗೆ ಚಮಚದಲ್ಲಿ ಉಣ್ಣಲು, ಕರವಸ್ತ್ರ ಮಡಿಸಲು ಕಲಿಸುವ ಯುದ್ಧ. 1962ರಲ್ಲಿ ಇದು ಸಿನಿಮಾ ಆದಾಗ ಸುಮಾರು ಒಂಬತ್ತು ನಿಮಿಷದ ಈ ಒಂದು ದೃಶ್ಯಕ್ಕೆ ಮೂರು ಕ್ಯಾಮೆರಾ ಇಟ್ಟು ಐದು ದಿನ ತೆಗೆದರು. ಇಬ್ಬರು ನಟಿಯರೂ ಬಟ್ಟೆಯೊಳಗೆ ಮೆತ್ತೆ ಕಟ್ಟಿಕೊಂಡಿದ್ದರು. ಮೂರು ಕ್ಯಾಮೆರಾ ಯಾಕೆಂದರೆ ಹೊಡೆದಾಟದ ದೃಶ್ಯದಲ್ಲಿ ಒಮ್ಮೆ ಚೆಲ್ಲಿದ ನೀರು, ಮುರಿದ ತಟ್ಟೆ, ಕೆದರಿದ ಕೂದಲು ಎರಡನೆಯ ಟೇಕಿನಲ್ಲಿ ಅದೇ ರೀತಿ ಬರುವುದಿಲ್ಲ. ಒಂದೇ ಏಟಿಗೆ ಮೂರು ಕೋನ ಸಿಕ್ಕರೆ ಸಂಕಲನ ಸಾಧ್ಯ, ನಟಿಯರಿಗೆ ಬೀಳುವ ಪೆಟ್ಟೂ ಕಡಿಮೆ. 1963ರ ಏಪ್ರಿಲ್‌ನಲ್ಲಿ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ವಯಸ್ಸು ಹದಿನಾರು. ಸ್ಪರ್ಧಾತ್ಮಕ ವಿಭಾಗದಲ್ಲಿ ಅಲ್ಲಿಯವರೆಗೆ ಅಷ್ಟು ಚಿಕ್ಕವರು ಯಾರೂ ಗೆದ್ದಿರಲಿಲ್ಲ. ಐದೇ ತಿಂಗಳಲ್ಲಿ ಧಾರಾವಾಹಿ ಶುರು.

ಈಗ ದ್ವಿಪಾತ್ರದ ಕೆಲಸಕ್ಕೆ ಬರೋಣ. ಕನ್ನಡ ಸಿನಿಮಾದ ಪ್ರೇಕ್ಷಕರಿಗೆ ದ್ವಿಪಾತ್ರ ಹೊಸದಲ್ಲ. ಆದರೆ ಸಿನಿಮಾದಲ್ಲಿ ಅಂಥ ಶಾಟ್‌ಗಳನ್ನು ಆರಾಮಾಗಿ ತೆಗೆಯಲು ಸಮಯವಿರುತ್ತದೆ. ಇಲ್ಲಿ ವಾರಕ್ಕೊಂದು ಕಂತು, ಮೊದಲ ಎರಡು ಸೀಸನ್‌ಗಳಲ್ಲಿ ತಲಾ 36. ಹಾಗಾಗಿ ತಂತ್ರಗಳನ್ನು ಅಗ್ಗದಿಂದ ದುಬಾರಿಗೆ ಜೋಡಿಸಿಕೊಂಡು ಹೋಗಬೇಕು.

ಎಲ್ಲಕ್ಕಿಂತ ಅಗ್ಗದ್ದು ಡ್ಯೂಪ್. ರೀಟಾ ಮೆಕ್ಲಾಫ್ಲಿನ್ ಎಂಬ ಹುಡುಗಿಯನ್ನು ಅದಕ್ಕಾಗಿಯೇ ಇಟ್ಟುಕೊಂಡಿದ್ದರು. ಕ್ಯಾಮೆರಾ ಅವಳ ಬೆನ್ನ ಹಿಂದಿನಿಂದ, ಭುಜದ ಮೇಲಿನಿಂದ ಪ್ಯಾಟಿಯ ಮುಖ ನೋಡುತ್ತದೆ. ಆಮೇಲೆ ಇಬ್ಬರೂ ಬಟ್ಟೆ, ಕೂದಲು ಬದಲಿಸಿಕೊಂಡು ಎದುರು ದಿಕ್ಕಿನಿಂದ ಅದೇ ಸಂಭಾಷಣೆ. ಪ್ಯಾಟಿ ಪಾತ್ರದ ಕೂದಲ ತುದಿ ಹೊರಕ್ಕೆ ಚಿಮ್ಮಿದ್ದು, ಕ್ಯಾಥಿಯದು ಒಳಕ್ಕೆ ಬಾಗಿದ್ದು; ಜೊತೆಗೆ ಕ್ಯಾಥಿಯ ಸಾಗರದಾಚೆಯ ಉಚ್ಚಾರಣೆ. ಪ್ರೇಕ್ಷಕರಿಗೆ ಗುರುತಾಗಲು ಅಷ್ಟು ಸಾಕು. ಡ್ಯೂಪ್ ಶಾಟ್ ಕೆಡುವುದು ಕತ್ತಿನ ಉದ್ದ, ಭುಜದ ಇಳಿಜಾರು, ಕಿವಿಯ ಆಕಾರಗಳಿಂದ. ಇವುಗಳನ್ನು ವಿಗ್ ಮುಚ್ಚುವುದಿಲ್ಲ, ಆದ್ದರಿಂದ ಕಾಲರ್ ಇರುವ ಬಟ್ಟೆ ಹಾಕಿಸುತ್ತಾರೆ. ಇನ್ನೊಂದು ಕಷ್ಟ ನಟಿಯದು: ಪ್ರತಿ ಸಂಭಾಷಣೆಯನ್ನೂ ಎರಡು ಸಲ, ಎರಡು ಸ್ವಭಾವದಲ್ಲಿ, ನಡುವೆ ಕೂದಲ ಕೋಣೆಗೆ ಹೋಗಿಬಂದು ಹೇಳಬೇಕು. ಇದಕ್ಕೆ ಉಪಾಯ, ಒಂದು ಸೆಟ್ಟಿನಲ್ಲಿ ಬರುವ ಪ್ಯಾಟಿಯ ಎಲ್ಲ ಶಾಟ್ ಮುಗಿಸಿ ಆಮೇಲೆ ಕ್ಯಾಥಿಯವನ್ನು ತೆಗೆಯುವುದು. ಆಗ ಮೇಕಪ್ ಸಮಯ ಉಳಿಯುತ್ತದೆ, ಆದರೆ ನಟಿ ಇನ್ನೂ ಆಡದಿರುವ ತನ್ನದೇ ಉತ್ತರಕ್ಕೆ ಪ್ರತಿಕ್ರಿಯೆ ಕೊಡಬೇಕಾಗುತ್ತದೆ. ಕೋಪದ ಪ್ರಮಾಣ ಹೊಂದದಿದ್ದರೆ ಸಂಕಲನದ ಮೇಜಿನ ಮೇಲೆ ಗೊತ್ತಾಗುತ್ತದೆ. ಆ ಹೊತ್ತಿಗೆ ಸೆಟ್ ಕಿತ್ತುಹಾಕಿರುತ್ತಾರೆ.

ದುಬಾರಿಯದು ನಮ್ಮವರು ಮಾಸ್ಕ್ ಶಾಟ್ ಎನ್ನುವ ವಿಧಾನ. ಇಬ್ಬರ ಮುಖವೂ ಒಂದೇ ಚೌಕಟ್ಟಿನಲ್ಲಿ ಬೇಕೆಂದಾಗ ಇದೇ ಗತಿ. ಹಳೆಯ ಕ್ರಮದಲ್ಲಿ ಲೆನ್ಸಿನ ಮುಂದೆ ಕಪ್ಪು ತಟ್ಟೆಯಿಟ್ಟು ಚೌಕಟ್ಟಿನ ಅರ್ಧ ಮುಚ್ಚುತ್ತಾರೆ, ಎಡಭಾಗದ ಅಭಿನಯ ಚಿತ್ರಿಸುತ್ತಾರೆ, ಫಿಲ್ಮನ್ನು ಫ್ರೇಮ್ ಎಣಿಸಿ ಹಿಂದಕ್ಕೆ ಸುತ್ತಿ, ತಟ್ಟೆಯನ್ನು ಇನ್ನರ್ಧಕ್ಕೆ ಸರಿಸಿ ಬಲಭಾಗ ಚಿತ್ರಿಸುತ್ತಾರೆ. ಇದರ ಅಪಾಯ, ಎರಡನೆಯ ಸುತ್ತಿನಲ್ಲಿ ತಪ್ಪಾದರೆ ಮೊದಲನೆಯ ಒಳ್ಳೆಯ ಟೇಕೂ ಹಾಳು. ಅದಕ್ಕಾಗಿ ಎರಡು ಪೂರ್ಣ ಟೇಕ್ ತೆಗೆದು ಲ್ಯಾಬಿನ ಆಪ್ಟಿಕಲ್ ಪ್ರಿಂಟರಿನಲ್ಲಿ, ಅಂದರೆ ಫಿಲ್ಮಿನಿಂದ ಫಿಲ್ಮಿಗೆ ಪ್ರತಿ ತೆಗೆಯುವ ಯಂತ್ರದಲ್ಲಿ, ಬೆಸೆಯುವ ಕ್ರಮ ಬಂತು. ಅಲ್ಲಿ ತಪ್ಪು ತಿದ್ದಬಹುದು, ಆದರೆ ಒಂದು ತಲೆಮಾರು ಪ್ರತಿ ಆಗುವುದರಿಂದ ಚಿತ್ರ ತುಸು ಒರಟಾಗುತ್ತದೆ. ಕಪ್ಪುಬಿಳುಪು ಧಾರಾವಾಹಿಯಾದ್ದರಿಂದ ಬಣ್ಣ ಹೊಂದಿಸುವ ತಲೆನೋವಾದರೂ ಇರಲಿಲ್ಲ.

ಮಾಸ್ಕ್ ಶಾಟಿನಲ್ಲಿ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಅದರ ಮೂರು ಕಾಲಿನ ಸ್ಟ್ಯಾಂಡಿಗೆ ಮರಳ ಚೀಲ ಹೇರಿ, ಯಾರೂ ಆ ಹಲಗೆಯ ಮೇಲೆ ಓಡಾಡದಂತೆ ನೋಡಿಕೊಳ್ಳಬೇಕು. ಬೆಸುಗೆಯ ಗೆರೆಯನ್ನು ಬಾಗಿಲ ಚೌಕಟ್ಟು, ಪರದೆಯ ಅಂಚು, ಮಂಚದ ಕಂಬ ಇಂಥ ಕಡೆ ಬಚ್ಚಿಡಬೇಕು. ಆ ಗೆರೆಯನ್ನು ಕೈಯಾಗಲೀ ನೆರಳಾಗಲೀ ದಾಟಿದರೆ ಅಲ್ಲಿಗೇ ತುಂಡಾಗುತ್ತದೆ. ಕೈಗಿಂತ ನೆರಳಿನದೇ ಹೆಚ್ಚು ಕಾಟ, ಸೆಟ್ಟಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನೋಟದ ಎತ್ತರ ಹೊಂದಬೇಕು: ಒಬ್ಬಳು ಕುಳಿತು ಇನ್ನೊಬ್ಬಳು ನಿಂತಿದ್ದರೆ ಖಾಲಿ ಜಾಗದಲ್ಲಿ ಎಲ್ಲಿ ನೋಡಬೇಕೆಂದು ಕೋಲಿಗೆ ಗುರುತು ಕಟ್ಟಿ ನಿಲ್ಲಿಸಬೇಕು. ಎಲ್ಲಕ್ಕಿಂತ ಕಷ್ಟ ಕಾಲಗತಿ. ಮೊದಲ ಟೇಕಿನಲ್ಲಿ ಎದುರಾಳಿಯ ಮಾತಿಗೆ ಎಷ್ಟು ಸೆಕೆಂಡ್ ಬಿಟ್ಟಿದ್ದಾಳೋ ಅಷ್ಟರಲ್ಲೇ ಎರಡನೆಯ ಟೇಕಿನ ಮಾತು ಮುಗಿಯಬೇಕು. ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವಂತಿಲ್ಲ. ಹಾಸ್ಯದ ಜೀವ ಇರುವುದೇ ಮಾತಿನ ಮೇಲೆ ಮಾತು ಬೀಳುವುದರಲ್ಲಿ. ಇಷ್ಟು ಕಟ್ಟುಪಾಡಿನೊಳಗೆ ಹಾಸ್ಯ ಹುಟ್ಟಿಸಿದ್ದು ಈ ನಟಿಯ ದೊಡ್ಡ ಕಸುಬು ಎಂದು ನನ್ನ ಲೆಕ್ಕ. ಆಸ್ಕರ್ ಪಾತ್ರಕ್ಕಿಂತ ಇದನ್ನೇ ಕಷ್ಟವೆಂದು ನಾನು ಎಣಿಸುತ್ತೇನೆ. ಸಾಲದ್ದಕ್ಕೆ ಒಂದು ಕಂತಿನಲ್ಲಿ ದಕ್ಷಿಣ ರಾಜ್ಯದ ಬೆಟ್ಸಿ ಎಂಬ ಮೂರನೆಯ ತದ್ರೂಪಿಯನ್ನೂ ಸೇರಿಸಿದರು.

ಇಷ್ಟು ಕೆಲಸ ಕ್ಯಾಲಿಫೋರ್ನಿಯಾದ ಗಡಿಯಾರದಲ್ಲಿ ಹಿಡಿಯುತ್ತಿತ್ತೇ? ಅಲ್ಲಿನ ಇವತ್ತಿನ ಪಟ್ಟಿ ನೋಡಿ. ಒಂಬತ್ತರಿಂದ ಹದಿನಾರರೊಳಗಿನ ಮಗು ಸ್ಥಳದಲ್ಲಿ ಒಂಬತ್ತು ಗಂಟೆ ಇರಬಹುದು. ಅದರಲ್ಲಿ ಐದು ಗಂಟೆ ಕೆಲಸ, ಮೂರು ಗಂಟೆ ಪಾಠ, ಒಂದು ಗಂಟೆ ವಿಶ್ರಾಂತಿ. ಹದಿನಾರರಿಂದ ಹದಿನೆಂಟರವರಿಗೆ ಹತ್ತು ಗಂಟೆ, ಕೆಲಸ ಆರು. ಆರರಿಂದ ಒಂಬತ್ತರವರಿಗೆ ಎಂಟು ಗಂಟೆ, ಕೆಲಸ ನಾಲ್ಕು. ಹುಟ್ಟಿ ಹದಿನೈದು ದಿನ ಆಗದ ಕೂಸನ್ನು ಕರೆತರುವಂತಿಲ್ಲ. ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 20 ನಿಮಿಷ ಕೆಲಸ, ಪ್ರಖರ ದೀಪದ ಮುಂದೆ ಒಮ್ಮೆಗೆ 30 ಸೆಕೆಂಡ್. ಇದನ್ನು ಕಾಯುವವರು ಸ್ಟುಡಿಯೊ ಟೀಚರ್. ಪಾಠ ಹೇಳುವುದು ಅವರ ಅರ್ಧ ಕೆಲಸ. ಮಗುವಿನ ಆರೋಗ್ಯಕ್ಕೆ ತೊಂದರೆ ಎನಿಸಿದರೆ ಅದನ್ನು ಸೆಟ್ಟಿನಿಂದ ಹೊರಗೆ ಕರೆದೊಯ್ಯುವ ಅಧಿಕಾರವೂ ಅವರಿಗಿದೆ. ನಿರ್ದೇಶಕ, ನಿರ್ಮಾಪಕ, ತಾಯಿ ಮೂವರೂ ‘ಇನ್ನೊಂದೇ ಟೇಕ್’ ಎಂದಾಗ ‘ಸಾಕು’ ಎನ್ನುವ ನಾಲ್ಕನೆಯವರು ಇವರು.

ಪ್ಯಾಟಿ ಡ್ಯೂಕ್‌ಗೆ ಇಲ್ಲದೇ ಹೋದದ್ದು ಈ ನಾಲ್ಕನೆಯವರು. ಆಕೆಯ ಏಜೆಂಟರ ಕೆಲಸ, ಪೋಷಕರ ಕೆಲಸ, ತರಬೇತಿ, ಖಜಾನೆ ನಾಲ್ಕೂ ರಾಸ್ ದಂಪತಿಯ ಕೈಯಲ್ಲೇ. ತಾಯಿಯನ್ನು ದೂರ ಇಟ್ಟಿದ್ದರು. ಮದ್ಯ, ನಿದ್ದೆ ಮಾತ್ರೆ ಕೊಡುತ್ತಿದ್ದರು, ದೌರ್ಜನ್ಯ ನಡೆಸಿದರು ಎಂದು ಆಕೆ 1987ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ಕೇಳಿದವರು ‘ಕೆಟ್ಟ ಜನ’ ಎಂದು ಬಿಟ್ಟುಬಿಡುತ್ತಾರೆ. ಕೆಟ್ಟ ಜನ ಎಲ್ಲ ಕಾಲಕ್ಕೂ ಇರುತ್ತಾರೆ. ನಾಲ್ಕು ಕೆಲಸ ನಾಲ್ಕು ಕೈಯಲ್ಲಿದ್ದಿದ್ದರೆ ಮಾತ್ರೆಯ ವಿಷಯ ಪಾಠ ಹೇಳುವವರಿಗೆ ಗೊತ್ತಾಗುತ್ತಿತ್ತು, ಹಣದ ವಿಷಯ ತಾಯಿಗೆ ಗೊತ್ತಾಗುತ್ತಿತ್ತು.

ಹಣದ ಕಥೆಗೆ ಮುನ್ನುಡಿಯಾಗಿ ಜಾಕಿ ಕೂಗನ್ ಹೆಸರು ಹೇಳಲೇಬೇಕು. 1921ರಲ್ಲಿ ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ನಟಿಸಿದ ಹುಡುಗ. ಬಾಲ್ಯದಲ್ಲಿ ಮೂವತ್ತು ಲಕ್ಷ ಡಾಲರಿಗೂ ಮೀರಿ ದುಡಿದಿದ್ದನೆಂದು ಅಂದಾಜು. ದೊಡ್ಡವನಾದ ಮೇಲೆ ನೋಡಿದರೆ ತಾಯಿ ಮತ್ತು ಮಲತಂದೆ ಖಾಲಿ ಮಾಡಿದ್ದರು. 1938ರಲ್ಲಿ ದಾವೆ ಹೂಡಿದ, ಕೊನೆಗೆ ಕೈಗೆ ಬಂದದ್ದು 1,26,000 ಡಾಲರ್. ಮಗುವಿನ ದುಡಿಮೆ ಹೆತ್ತವರದು ಎಂಬುದೇ ಆಗಿನ ಕಾನೂನು. 1939ರಲ್ಲಿ ಕ್ಯಾಲಿಫೋರ್ನಿಯಾ ‘ಕೂಗನ್ ಕಾಯ್ದೆ’ ತಂದಿತು.

ಆ ಕಾಯ್ದೆಯ ತೂತು ಎಲ್ಲಿತ್ತೆಂದು ನೋಡುವುದು ಉಪಯುಕ್ತ. ಅಪ್ರಾಪ್ತರ ಕರಾರನ್ನು ಅವರು ಮುಂದೆ ತಿರಸ್ಕರಿಸಬಹುದಾದ್ದರಿಂದ, ದೊಡ್ಡ ಸ್ಟುಡಿಯೊಗಳು ದೀರ್ಘಾವಧಿ ಕರಾರುಗಳಿಗೆ ನ್ಯಾಯಾಲಯದ ಒಪ್ಪಿಗೆ ಪಡೆಯುತ್ತಿದ್ದವು. ಆಗ ನ್ಯಾಯಾಧೀಶರು ಬಯಸಿದರೆ ಒಂದು ಪಾಲನ್ನು ಮಗುವಿನ ಹೆಸರಿಗೆ ಇಡಿಸಬಹುದಿತ್ತು. ಬಯಸಿದರೆ ಮಾತ್ರ. ಕರಾರು ನ್ಯಾಯಾಲಯಕ್ಕೆ ಬಾರದಿದ್ದರೆ ಅದೂ ಇಲ್ಲ. ಒಂದು ದಿನದ ಜಾಹೀರಾತು, ಎರಡು ವಾರದ ಪಾತ್ರ ಇವೆಲ್ಲ ಜಾರಿಹೋಗುತ್ತಿದ್ದವು. ನ್ಯೂಯಾರ್ಕ್‌ನಲ್ಲಿ ದುಡಿಯುವ ಮಗುವಿಗಂತೂ ಕ್ಯಾಲಿಫೋರ್ನಿಯಾದ ಕಾಯ್ದೆ ಸಂಬಂಧವೇ ಇಲ್ಲ. ಪ್ಯಾಟಿ ಹದಿನೆಂಟಕ್ಕೆ ಬಂದು ರಾಸ್ ದಂಪತಿಯಿಂದ ಬಿಡಿಸಿಕೊಂಡಾಗ ದುಡಿದದ್ದರ ಬಹುಪಾಲು ಮಾಯವಾಗಿತ್ತು.

ತೂತು ಮುಚ್ಚಿದ್ದು 2000ದ ಇಸವಿಯಲ್ಲಿ. ಈಗ ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ದುಡಿಮೆ ಮಗುವಿನದೇ ಸ್ವತ್ತು. ಒಟ್ಟು ಸಂಭಾವನೆಯ 15 ಶೇಕಡಾವನ್ನು ಉದ್ಯೋಗದಾತರೇ ನೇರವಾಗಿ ಟ್ರಸ್ಟ್ ಖಾತೆಗೆ ಕಟ್ಟಬೇಕು, ಹದಿನೆಂಟು ತುಂಬುವವರೆಗೆ ಯಾರೂ ಮುಟ್ಟುವಂತಿಲ್ಲ. ಕರಾರಿಗೆ ಸಹಿಯಾದ ಏಳು ಕೆಲಸದ ದಿನಗಳೊಳಗೆ ಹೆತ್ತವರು ಖಾತೆಯ ಏರ್ಪಾಡು ಮಾಡಬೇಕು. ಸಾಮಾನ್ಯ ಉಳಿತಾಯ ಖಾತೆ ನಡೆಯುವುದಿಲ್ಲ, ‘ಕೂಗನ್ ಖಾತೆ’ ಎಂದೇ ತೆರೆಸಬೇಕು. ನ್ಯೂಯಾರ್ಕ್ 2003ರಲ್ಲಿ ಇಂಥದೇ ಕಾಯ್ದೆ ಮಾಡಿತು. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳು ಜಾಹೀರಾತಿಗೆ, ಧಾರಾವಾಹಿಗೆ ಹೋಗುವುದು ಈಗ ಹೊಸದಲ್ಲ; ಆಯಾ ರಾಜ್ಯದ ನಿಯಮ ಬೇರೆಬೇರೆ ಎಂಬುದು ಅವರಿಗೆ ಗೊತ್ತಿರಬೇಕು. ಇಲ್ಲಿ ಎಡವುವುದು ಲೆಕ್ಕದಲ್ಲಿ: 15 ಶೇಕಡಾ ತೆಗೆಯುವುದು ಒಟ್ಟು ಮೊತ್ತದ ಮೇಲೆ. ನೂರು ಡಾಲರಿನಲ್ಲಿ ಹದಿನೈದು ಟ್ರಸ್ಟಿಗೆ, ಹತ್ತು ಏಜೆಂಟರಿಗೆ, ಮ್ಯಾನೇಜರ್ ಇದ್ದರೆ ಮತ್ತೊಂದು ಹತ್ತು ಹದಿನೈದು, ಆಮೇಲೆ ತೆರಿಗೆ. ಕೈಗೆ ಬಂದದ್ದನ್ನು ಪೂರ್ತಿ ಖರ್ಚು ಮಾಡಿದವರು ತೆರಿಗೆ ಕಟ್ಟುವಾಗ ಪರದಾಡುತ್ತಾರೆ.

ನಮ್ಮಲ್ಲಿ ಏನಿದೆ? ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರ ನಿಯಮಗಳು ಬಂದವು. ಹದಿನಾಲ್ಕು ತುಂಬದ ಮಗು ಕಲಾವಿದನಾಗಿ ದುಡಿಯಬಹುದು, ಷರತ್ತುಗಳೊಂದಿಗೆ. ದಿನಕ್ಕೆ ಐದು ಗಂಟೆ ಮೀರಬಾರದು, ಬಿಡುವಿಲ್ಲದೆ ಮೂರು ಗಂಟೆ ಮೀರಬಾರದು. ಸತತ 27 ದಿನಕ್ಕಿಂತ ಹೆಚ್ಚು ದುಡಿಸಬಾರದು. ನಿರ್ಮಾಪಕರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳಿಂದ ಮೊದಲೇ ಅನುಮತಿ ಪಡೆಯಬೇಕು, ಅಂದರೆ ಕರ್ನಾಟಕದಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ನಮೂನೆ ‘ಸಿ’ಯಲ್ಲಿ ಮುಚ್ಚಳಿಕೆ, ಮಕ್ಕಳ ಪಟ್ಟಿ, ಹೆತ್ತವರ ಒಪ್ಪಿಗೆ, ಸುರಕ್ಷತೆಯ ಹೊಣೆ ಹೊತ್ತವರ ಹೆಸರು ಕೊಡಬೇಕು. ಮುಚ್ಚಳಿಕೆಯ ಆಯುಸ್ಸು ಆರು ತಿಂಗಳು. ಐದು ಮಕ್ಕಳಿಗೆ ಒಬ್ಬ ಹೊಣೆಗಾರ. ಶಾಲೆಯ ಪಾಠ ತಪ್ಪಬಾರದು. ದುಡಿಮೆಯ ಕನಿಷ್ಠ 20 ಶೇಕಡಾವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲಿ ನಿಶ್ಚಿತ ಠೇವಣಿಯಾಗಿ ನೇರವಾಗಿ ಇಡಬೇಕು. ಮಗುವಿಗೆ ಮನಸ್ಸಿಲ್ಲದೆ ದುಡಿಸುವಂತಿಲ್ಲ.

ಕಾಗದದ ಮೇಲೆ ಕ್ಯಾಲಿಫೋರ್ನಿಯಾಕ್ಕಿಂತ ನಮ್ಮ ಠೇವಣಿಯ ಪಾಲು ಹೆಚ್ಚು. ಕೊರತೆ ಬೇರೆ ಕಡೆ ಇದೆ. ಮಗುವಿನ ಹೊಣೆಗಾರ ನಿರ್ಮಾಣ ಸಂಸ್ಥೆಯ ಕಡೆಯ ವ್ಯಕ್ತಿ. ಕಾಲ್‌ಶೀಟ್ ಬರೆಯುವವರ ಸಂಬಳದಲ್ಲೇ ಇರುವವನು ಅವರಿಗೆ ‘ಐದು ಗಂಟೆ ಆಯ್ತು ಸಾರ್’ ಎನ್ನಬೇಕು. ಅನ್ನುವವರು ಇದ್ದಾರು, ನೆಚ್ಚಿಕೊಳ್ಳುವ ಹಾಗಿಲ್ಲ. 27 ದಿನದ ಮಿತಿಯೂ ದಿನನಿತ್ಯದ ಧಾರಾವಾಹಿಗೆ ಅಷ್ಟಾಗಿ ತಾಗುವುದಿಲ್ಲ, ವಾರಕ್ಕೊಂದು ರಜೆ ಕೊಟ್ಟರೆ ಎಣಿಕೆ ಮತ್ತೆ ಒಂದರಿಂದ ಶುರು. ಮೇಕಪ್ ಕುರ್ಚಿಯಲ್ಲಿ, ಬೆಳಕು ಹೊಂದಿಸುವಾಗ ಕಾಯುವುದು ಕೆಲಸದ ಲೆಕ್ಕಕ್ಕೆ ಸೇರುತ್ತದೆಯೇ ಎಂಬ ತಕರಾರು ಯಾವಾಗಲೂ ಬರುತ್ತದೆ. ಸ್ಥಳದಲ್ಲಿರುವ ಗಂಟೆ, ಕೆಲಸದ ಗಂಟೆ ಎಂದು ಎರಡು ಕಾಲಂ ಮಾಡಿದ ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸ: ಭಾರತದಲ್ಲಿ ಅಪ್ರಾಪ್ತರ ಕರಾರು ಊರ್ಜಿತವೇ ಅಲ್ಲ, 1903ರ ಮೊಹೋರಿ ಬೀಬಿ ಪ್ರಕರಣದಿಂದ ಇದು ಸ್ಥಿರವಾಗಿದೆ. ಹಾಗಾಗಿ ಸಹಿ ಹಾಕುವುದು ಹೆತ್ತವರು, ಚೆಕ್ ಬರುವುದೂ ಬಹಳ ಸಲ ಅವರ ಹೆಸರಿಗೆ. ಉಳಿದ 80 ಶೇಕಡಾದ ಲೆಕ್ಕ ಕೇಳುವವರು ಮನೆಯೊಳಗೇ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪ್ಯಾಟಿಯ ದೊಡ್ಡವರ ಬದುಕಿಗೆ ಬರೋಣ. 1965ರಲ್ಲಿ ತಮ್ಮ ಧಾರಾವಾಹಿಯ ಸಹಾಯಕ ನಿರ್ದೇಶಕ ಹ್ಯಾರಿ ಫಾಕ್ ಅವರನ್ನು ಮದುವೆಯಾದರು, ಹದಿಮೂರು ವರ್ಷ ದೊಡ್ಡವರು. ಅದೇ ವರ್ಷ ಒಂದು ಹಾಡು ಹಿಟ್ಟೂ ಆಯಿತು. 1966ರಲ್ಲಿ ಧಾರಾವಾಹಿ ಮುಗಿಯಿತು. ಮುಂದಿನ ವರ್ಷ ‘ವ್ಯಾಲಿ ಆಫ್ ದಿ ಡಾಲ್ಸ್’ ಚಿತ್ರದಲ್ಲಿ ಮಾತ್ರೆ, ಮದ್ಯದ ಚಟಕ್ಕೆ ಬಿದ್ದ ತಾರೆಯ ಪಾತ್ರ. ಬಾಲತಾರೆಯರು ‘ನಾನೀಗ ದೊಡ್ಡವಳು’ ಎಂದು ಸಾರಲು ಆರಿಸಿಕೊಳ್ಳುವ ದಾರಿಯೇ ಇದು: ಹಳೆಯ ಪಾತ್ರಕ್ಕೆ ತೀರಾ ವಿರುದ್ಧವಾದದ್ದು. ಹಣ ಬಂತು, ವಿಮರ್ಶಕರು ಹರಿದುಹಾಕಿದರು. ಕೈಹಿಡಿದದ್ದು ಟಿವಿ ಸಿನಿಮಾ. ವಾಹಿನಿಗಳೇ ಎರಡು ಗಂಟೆಯ ಸಿನಿಮಾ ಮಾಡಿಸುವ ಪದ್ಧತಿ ಆಗ ಏರುಗತಿಯಲ್ಲಿತ್ತು. ಮೂರ್ನಾಲ್ಕು ವಾರದ ಚಿತ್ರೀಕರಣ, ಗಟ್ಟಿ ಸ್ತ್ರೀಪಾತ್ರ, ಮನೆಮಾತಾದ ಮುಖ ಬೇಕು. ‘ಮೈ ಸ್ವೀಟ್ ಚಾರ್ಲಿ’ಗೆ 1970ರಲ್ಲಿ ಕಿರುತೆರೆಯ ಎಮ್ಮಿ ಪ್ರಶಸ್ತಿ, 1977ರಲ್ಲಿ ಇನ್ನೊಂದು.

1970ರ ಆ ಪ್ರಶಸ್ತಿ ಸ್ವೀಕಾರದ ಮಾತು ಎತ್ತೆತ್ತಲೋ ಹೋಯಿತು. ನೋಡಿದವರು ನಶೆ ಎಂದುಕೊಂಡರು. ಅದು ಬೈಪೋಲಾರ್, ಅಂದರೆ ಮನಸ್ಸು ಅತಿಯಾದ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ ಎಂದು ಗೊತ್ತಾಗಿದ್ದು 1982ರಲ್ಲಿ. ಲಿಥಿಯಂ ಚಿಕಿತ್ಸೆ ಶುರುವಾಯಿತು. ರಕ್ತದಲ್ಲಿ ಅದರ ಪ್ರಮಾಣ ತುಸು ಕಡಿಮೆಯಾದರೆ ಕೆಲಸ ಮಾಡದು, ತುಸು ಹೆಚ್ಚಾದರೆ ವಿಷ. ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ಆತ್ಮಕಥೆಯಲ್ಲಿ ಕಾಯಿಲೆಯ ಹೆಸರನ್ನು ಬಹಿರಂಗವಾಗಿ ಹೇಳಿಕೊಂಡ ಮೊದಲ ಪ್ರಸಿದ್ಧರ ಸಾಲಿನಲ್ಲಿ ಅವರಿದ್ದಾರೆ. ಪುಸ್ತಕದ ಶೀರ್ಷಿಕೆ ‘ಕಾಲ್ ಮಿ ಆನಾ’. ತೆರೆಯ ಮೇಲೆ ಕೊನೆತನಕ ಪ್ಯಾಟಿಯೇ, ಆಪ್ತರಿಗೆ ಆನಾ. ಬಾಲ್ಯದ ಅನುಭವವೇ ಕಾಯಿಲೆ ತಂದಿತೆಂದು ಸುಲಭವಾಗಿ ಹೇಳುವವರಿದ್ದಾರೆ. ಬೈಪೋಲಾರ್‌ನಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು, ಅಷ್ಟು ಸರಳ ಗೆರೆ ಎಳೆಯಬಾರದು. ಅಕ್ಕಪಕ್ಕದವರ ಕೈಯಲ್ಲಿ ಮಾತ್ರೆಯಿದ್ದಾಗ ಕಾಯಿಲೆ ಗುರುತಾಗುವುದು ತಡವಾಗುತ್ತದೆ ಎಂಬಷ್ಟು ಹೇಳಬಹುದು.

1979ರಲ್ಲಿ ‘ದಿ ಮಿರಾಕಲ್ ವರ್ಕರ್’ ಟಿವಿಗಾಗಿ ಮತ್ತೆ ತಯಾರಾಯಿತು. ಈ ಸಲ ಡ್ಯೂಕ್ ಗುರುವಿನ ಪಾತ್ರದಲ್ಲಿ. ಹೆಲೆನ್ ಆಗಿ ಮೆಲಿಸಾ ಗಿಲ್ಬರ್ಟ್, ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ಯ ಬಾಲತಾರೆ. ಡ್ಯೂಕ್‌ಗೆ ಮೂರನೆಯ ಎಮ್ಮಿ. 1985ರಲ್ಲಿ ಅವರು ಅಮೆರಿಕದ ಚಲನಚಿತ್ರ ನಟರ ಸಂಘದ ಅಧ್ಯಕ್ಷೆಯಾಗಿ ಆಯ್ಕೆಯಾದರು, ಆ ಸ್ಥಾನಕ್ಕೆ ಬಂದ ಎರಡನೆಯ ಮಹಿಳೆ. ಧಾರಾವಾಹಿಯಲ್ಲಿ ಅಪ್ಪನ ಪಾತ್ರ ಮಾಡಿದ್ದ ವಿಲಿಯಂ ಶಾಲರ್ಟ್, ಡ್ಯೂಕ್ ಅವರಿಗಿಂತ ಮೊದಲೇ ಅಧ್ಯಕ್ಷರಾಗಿದ್ದರು. ಗಿಲ್ಬರ್ಟ್ 2001ರಲ್ಲಿ ಅಧ್ಯಕ್ಷೆಯಾದರು. ಡ್ಯೂಕ್ ಅವರ ಮಗ, ತಾನೂ ಬಾಲನಟನಾಗಿದ್ದ ಶಾನ್ ಆಸ್ಟಿನ್, 2025ರಲ್ಲಿ ಆ ಸಂಘದ ಇಂದಿನ ರೂಪಕ್ಕೆ ಅಧ್ಯಕ್ಷರಾದರು. ಸೆಟ್ಟಿನ ಮೇಲೆ ಬೆಳೆದವರಿಗೆ ಕರಾರು ಪತ್ರ ಓದುವ ಚಟ ಹತ್ತುವುದು ಆಕಸ್ಮಿಕವಿರಲಾರದು. ಡ್ಯೂಕ್ 2016ರ ಮಾರ್ಚ್ 29ರಂದು ಐಡಹೊ ರಾಜ್ಯದಲ್ಲಿ 69ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊನೆಗೆ, ಇಂಥ ಮಾತುಕತೆಗಳಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ: ತಾಯಿ ಅಥವಾ ತಂದೆಯೇ ಮಗುವಿನ ಮ್ಯಾನೇಜರ್ ಆಗಬಾರದೇ? ಆಗಬಹುದು, ಬಹುತೇಕ ಮನೆಗಳಲ್ಲಿ ಬೇರೆ ದಾರಿಯೂ ಇಲ್ಲ. ಹಾಗಾದರೆ ಸೆಟ್ಟಿಗೆ ಹೋಗುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರಾಗಲಿ. ಸೆಟ್ಟಿಗೆ ಹೋದವರು ಒಳಗೆ ಹೊಕ್ಕ ಸಮಯ, ಮೊದಲ ಶಾಟ್, ಊಟ, ಬಿಡುವು, ಹೊರಟ ಸಮಯ ಇಷ್ಟನ್ನು ದಿನದಿನ ಬರೆದಿಡಲಿ. ತಕರಾರು ಬಂದಾಗ ಉಳಿಯುವ ದಾಖಲೆ ಅದೊಂದೇ. ಮಗುವಿನ ಹೆಸರಲ್ಲಿ ಪ್ಯಾನ್ ಮಾಡಿಸಿ. ಸಾಮಾನ್ಯವಾಗಿ ಅಪ್ರಾಪ್ತರ ಆದಾಯವನ್ನು ಹೆತ್ತವರ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ, ಆದರೆ ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದಕ್ಕೆ ಈ ಸೇರ್ಪಡೆ ಇಲ್ಲ, ಮಗುವಿನ ಹೆಸರಿನಲ್ಲೇ ಬೇರೆ ರಿಟರ್ನ್ ಸಲ್ಲಿಸಬಹುದು. ಠೇವಣಿಯ ಮೇಲೆ ಬರುವ ಬಡ್ಡಿಯನ್ನು ಹೇಗೆ ತೋರಿಸಬೇಕೆಂದು ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳಿ. ಕರಾರಿಗೆ ಸಹಿ ಹಾಕುವಾಗ 20 ಶೇಕಡಾ ಠೇವಣಿಯನ್ನು ನಿರ್ಮಾಪಕರು ನೇರವಾಗಿ ಕಟ್ಟುತ್ತಾರೆಂಬ ಸಾಲು, ಪ್ರತಿ ಸಲ ರಸೀದಿ ಕೊಡಬೇಕೆಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ ಎಂದು ಕೇಳಿ. ಮತ್ತು ಆ ಠೇವಣಿಯ ಅವಧಿ ಮಗುವಿನ ಹದಿನೆಂಟನೆಯ ಹುಟ್ಟುಹಬ್ಬದ ಆಚೆಗೆ ಮುಗಿಯುವಂತೆ ಬ್ಯಾಂಕಿನಲ್ಲಿ ಬರೆಸಿ. ಒಂದು ವರ್ಷದ ಠೇವಣಿ ಮಾಡಿ, ಮುಗಿದಾಗ ಹಣ ಹೆತ್ತವರ ಖಾತೆಗೆ ಬಂದು ಬೀಳುವ ಹಾಗೆ ಫಾರ್ಮ್ ತುಂಬಿದರೆ ನಿಯಮ ಪಾಲಿಸಿದಂತೆಯೂ ಕಾಣುತ್ತದೆ, ಹಣ ಕರಗಿದಂತೆಯೂ ಆಗುತ್ತದೆ.